ಎರಡು ಗ್ಲಾಸು, ನಾಲ್ಕು ಸಲಾಕೆ: ನಿಮ್ಮ ನಲ್ಲಿ ನೀರು ಕಂದು ಬಣ್ಣಕ್ಕೆ ತಿರುಗೋದು ಯಾಕೆ?

ಕೊಂಡಾಪುರದಲ್ಲಿ ಬಾಡಿಗೆ ಮನೆ ಹಿಡಿದು ಸಾಮಾನು ಇಳಿಸಿದ ಮೊದಲ ತಿಂಗಳಲ್ಲಿ ಬಾಗಿಲು ತಟ್ಟೋರು ಯಾರ್ಯಾರು ಅಂತ ನಿಮಗೆ ಗೊತ್ತೇ ಇರುತ್ತೆ. ಇಂಟರ್‌ನೆಟ್ ಕನೆಕ್ಷನ್‌ನವರು, ಹಾಲಿನವರು, ಮತ್ತೆ ವಾಟರ್ ಪ್ಯೂರಿಫೈಯರ್ ಮಾರೋರು. ಈ ಮೂರನೆಯವರ ಕೈಲಿ ಒಂದು ಚಿಕ್ಕ ಪೆಟ್ಟಿಗೆ ಇರುತ್ತೆ, ಅದರಿಂದ ನಾಲ್ಕು ಲೋಹದ ಸಲಾಕೆ ಕೆಳಗೆ ಚಾಚಿಕೊಂಡಿರ್ತವೆ. ಒಂದು ಗ್ಲಾಸಲ್ಲಿ ನಿಮ್ಮ ನಲ್ಲಿ ನೀರು, ಇನ್ನೊಂದರಲ್ಲಿ ಅವರು ತಂದ ಆರ್‌ಒ ನೀರು. ಸಲಾಕೆ ಇಳಿಸಿ ಪ್ಲಗ್ ಹಾಕ್ತಾರೆ. ಒಂದೆರಡು ನಿಮಿಷದಲ್ಲಿ ನಿಮ್ಮ ಗ್ಲಾಸು ಹಸಿರು, ಆಮೇಲೆ ಕಂದು, ಕೊನೆಗೆ ಚರಂಡಿ ನೀರಿನ ಥರ. ಅವರ ಗ್ಲಾಸು ಹಾಗೇ ತಿಳಿಯಾಗಿರುತ್ತೆ. "ಸರ್, ಇದನ್ನ ನಿಮ್ಮ ಮಗು ಕುಡೀತಿದೆ" ಅಂತಾರೆ. ಮನೇಲಿ ಸಣ್ಣ ಮಗು ಇದ್ರೆ ಆ ಮಾತಿಗೆ ಯಾರ ಕೈ ಆದ್ರೂ ಕಾರ್ಡ್ ಕಡೆ ಹೋಗುತ್ತೆ.

ಆ ಗ್ಲಾಸಿನಲ್ಲಿ ನಿಜವಾಗಿ ಏನಾಗುತ್ತೆ ಅನ್ನೋದು ಇವತ್ತಿನ ಮಾತು. ಅದಕ್ಕೆ ಹತ್ತನೇ ಕ್ಲಾಸಿನ ಲ್ಯಾಬಿಗೆ ಒಂದು ಸಲ ಹೋಗಿ ಬರಬೇಕು. ಎನ್‌ಸಿಇಆರ್‌ಟಿ ವಿಜ್ಞಾನ ಪುಸ್ತಕದ ಮೊದಲನೇ ಪಾಠದಲ್ಲೇ ಈ ಪ್ರಯೋಗ ಇದೆ. ಪ್ಲಾಸ್ಟಿಕ್ ಮಗ್ಗಿನ ತಳದಲ್ಲಿ ಎರಡು ಕಾರ್ಬನ್ ಕಡ್ಡಿ, 6 ವೋಲ್ಟಿನ ಬ್ಯಾಟರಿ, ನೀರಿಗೆ ಕೆಲವೇ ಹನಿ ತೆಳು ಸಲ್ಫ್ಯೂರಿಕ್ ಆಸಿಡ್. ಎರಡು ಟೆಸ್ಟ್ ಟ್ಯೂಬ್ ತುಂಬ ನೀರು ತುಂಬಿ, ಕಡ್ಡಿಗಳ ಮೇಲೆ ಬೋರಲು ಹಾಕ್ತಾರೆ.

ಇಲ್ಲಿ ಒಂದು ನಿಮಿಷ ನಿಲ್ಲೋಣ. ಬೋರಲು ಹಾಕಿದ ಟ್ಯೂಬಿನ ನೀರು ಯಾಕೆ ಕೆಳಗೆ ಬೀಳಲ್ಲ? ಮಗ್ಗಿನ ನೀರಿನ ಮೇಲೆ ಗಾಳಿ ಒತ್ತುತ್ತಾ ಇರುತ್ತೆ, ಆ ಒತ್ತಡವೇ ಟ್ಯೂಬಿನ ನೀರನ್ನ ಮೇಲೆ ಹಿಡಿದಿರುತ್ತೆ. ಸಮುದ್ರ ಮಟ್ಟದಲ್ಲಿ ಗಾಳಿ 10 ಮೀಟರಿಗೂ ಎತ್ತರದ ನೀರಿನ ಕಂಬವನ್ನ ಹೊರುತ್ತೆ. ಹೈದರಾಬಾದು ಐನೂರು ಮೀಟರಿಗಿಂತ ಎತ್ತರದಲ್ಲಿದೆ, ಹಾಗಾಗಿ ಇಲ್ಲಿ ಸ್ವಲ್ಪ ಕಮ್ಮಿ. ಬೆಂಗಳೂರಿನಲ್ಲಿ ಇನ್ನೂ ಕಮ್ಮಿ. ಆದ್ರೂ ಗೇಣುದ್ದದ ಟ್ಯೂಬಿಗೆ ಅದು ಲೆಕ್ಕಕ್ಕೇ ಇಲ್ಲ. (ಅಪಾರ್ಟ್‌ಮೆಂಟಿನ ಬೋರ್‌ವೆಲ್‌ಗೆ ಮೋಟಾರನ್ನ ಮೇಲಿಟ್ಟು ನೀರು ಹೀರೋಕೆ ಆಗಲ್ಲ, ಆಳಕ್ಕೇ ಸಬ್‌ಮರ್ಸಿಬಲ್ ಇಳಿಸಬೇಕು ಅಂತಾರಲ್ಲ, ಅದಕ್ಕೂ ಇದೇ ಕಾರಣ. ಗಾಳಿ ಒಂಬತ್ತು ಹತ್ತು ಮೀಟರ್ ತನಕ ತಳ್ಳಿಕೊಡಬಹುದು, ನೂರಾರು ಅಡಿ ಅಲ್ಲ.)

ಈಗ ಸ್ವಿಚ್ ಹಾಕಿದ್ರೆ ಎರಡೂ ಕಡ್ಡಿಯಲ್ಲಿ ಗುಳ್ಳೆ ಏಳುತ್ತೆ. ಗುಳ್ಳೆ ಮೇಲೇರಿ ಟ್ಯೂಬಿನ ನೆತ್ತಿಯಲ್ಲಿ ಸೇರಿ, ನೀರನ್ನ ಕೆಳಗೆ ತಳ್ಳುತ್ತೆ. ಬ್ಯಾಟರಿಯ ಋಣ ತುದಿಯಲ್ಲಿ ಹೈಡ್ರೋಜನ್, ಧನ ತುದಿಯಲ್ಲಿ ಆಕ್ಸಿಜನ್, ಎರಡಕ್ಕೆ ಒಂದರ ಅಳತೆಯಲ್ಲಿ. 1800ರಲ್ಲಿ ಲಂಡನ್ನಿನ ನಿಕಲ್ಸನ್ ಮತ್ತು ಕಾರ್ಲೈಲ್, ವೋಲ್ಟಾ ಆಗಷ್ಟೇ ಕಂಡುಹಿಡಿದಿದ್ದ ಬ್ಯಾಟರಿಯಿಂದ ನೀರನ್ನ ಹೀಗೇ ಒಡೆದು ತೋರಿಸಿದ್ರು.

ಮಕ್ಕಳು ಮಾಡಿದಾಗ ಲೆಕ್ಕ ಸರಿಯಾಗಿ 2:1 ಬರೋದು ಅಪರೂಪ. ಹೈಡ್ರೋಜನ್ನೇ ಜಾಸ್ತಿ ಕಾಣುತ್ತೆ. ಆಕ್ಸಿಜನ್ ನೀರಲ್ಲಿ ಹೈಡ್ರೋಜನ್‌ಗಿಂತ ಹೆಚ್ಚು ಕರಗುತ್ತೆ, ಅದರಲ್ಲೂ ಶುರುವಿನ ಗುಳ್ಳೆಗಳಲ್ಲಿ ಒಂದಷ್ಟನ್ನ ನೀರೇ ನುಂಗಿಬಿಡುತ್ತೆ. ಜೊತೆಗೆ ಆಕ್ಸಿಜನ್ ಕಾರ್ಬನ್ ಕಡ್ಡಿಯನ್ನೇ ಸ್ವಲ್ಪ ತಿಂದು ಕಾರ್ಬನ್ ಡೈಆಕ್ಸೈಡ್ ಆಗುತ್ತೆ, ಅದಂತೂ ನೀರಿಗೆ ಇನ್ನೂ ಬೇಗ ಸೇರಿಹೋಗುತ್ತೆ. ಇನ್ನು ಅಮೋನಿಯಾ ಥರದ ಅನಿಲವನ್ನ ನೀರಿನ ಮೇಲೆ ಹಿಡಿಯೋ ಮಾತೇ ಇಲ್ಲ, ಒಂದು ಲೀಟರ್ ನೀರಲ್ಲಿ ನೂರಾರು ಲೀಟರ್ ಕರಗುತ್ತೆ. ಅದಕ್ಕೇ ಹಳೆಯ ಕಾಲದ ಅನಿಲ ತಜ್ಞರು ನೀರಿನ ಬದಲು ಪಾದರಸ ಬಳಸ್ತಿದ್ದರು. 1898ರಲ್ಲಿ ರಾಮ್ಸೆ ಜೊತೆ ಕ್ರಿಪ್ಟಾನ್, ನಿಯಾನ್, ಕ್ಸೆನಾನ್ ಮೂರನ್ನೂ ಕಂಡುಹಿಡಿದ ಮಾರಿಸ್ ಟ್ರಾವರ್ಸ್ ಇಂಥ ಕೆಲಸದಲ್ಲೇ ಪಳಗಿದವರು. ಆಮೇಲೆ ಅವರು ನಮ್ಮ ಬೆಂಗಳೂರಿಗೆ ಬಂದು ಟಾಟಾ ಇನ್‌ಸ್ಟಿಟ್ಯೂಟಿನ ಮೊದಲ ನಿರ್ದೇಶಕರಾದ್ರು ಅನ್ನೋದು ಬಹಳ ಜನಕ್ಕೆ ಗೊತ್ತಿಲ್ಲ.

ಇನ್ನೊಂದು ವಿಷಯ. ಟ್ಯೂಬಿನಲ್ಲಿ ಸೇರಿದ್ದು ಬರೀ ಹೈಡ್ರೋಜನ್ ಅಲ್ಲ, ನೀರಾವಿಯೂ ಸೇರಿರುತ್ತೆ. 20 ಡಿಗ್ರಿಯಲ್ಲಿ ಆವಿಯ ಒತ್ತಡ ಪಾದರಸದ ಲೆಕ್ಕದಲ್ಲಿ 17.5 ಮಿಲಿಮೀಟರ್. ಮೇ ತಿಂಗಳ ಹೈದರಾಬಾದಿನ 40 ಡಿಗ್ರಿಯಲ್ಲಿ ಅದು 55. ಇಲ್ಲಿನ ಗಾಳಿಯ ಒಟ್ಟು ಒತ್ತಡ 710ರ ಆಸುಪಾಸು. ಅಂದ್ರೆ ಬೇಸಿಗೆಯಲ್ಲಿ ನೀವು ಹೈಡ್ರೋಜನ್ ಅಂತ ಅಳೆದಿದ್ರಲ್ಲಿ ನೂರಕ್ಕೆ ಏಳೆಂಟು ಭಾಗ ಬರೀ ಆವಿ.

ಸರಿ, ಈಗ ಸೇಲ್ಸ್‌ಮನ್ ಹತ್ರ ವಾಪಸ್ ಬರೋಣ. ಅವರ ಸಲಾಕೆಗಳು ಕಾರ್ಬನ್ ಅಲ್ಲ. ಸಾಮಾನ್ಯವಾಗಿ ಕೆಲವು ಕಬ್ಬಿಣ, ಕೆಲವು ಅಲ್ಯುಮಿನಿಯಂ. ಇಡೀ ಆಟ ಇರೋದು ಇಲ್ಲೇ.

ಧನ ತುದಿಯಲ್ಲಿ ಯಾರಾದ್ರೂ ಎಲೆಕ್ಟ್ರಾನ್ ಕೊಡಲೇಬೇಕು. ಕಡ್ಡಿ ಕಾರ್ಬನ್ ಆಗಿದ್ರೆ ಅದು ಸುಲಭಕ್ಕೆ ಬಿಟ್ಟುಕೊಡಲ್ಲ, ನೀರೇ ಕೊಡಬೇಕು, ಆಗ ಆಕ್ಸಿಜನ್ ಹೊರಗೆ ಬರುತ್ತೆ. ಆದ್ರೆ ಕಬ್ಬಿಣ ನೀರಿಗಿಂತ ಸುಲಭವಾಗಿ ಎಲೆಕ್ಟ್ರಾನ್ ಬಿಟ್ಟುಕೊಡುತ್ತೆ. ಬಿಟ್ಟುಕೊಟ್ಟು ತಾನೇ ಕರಗಿ ನೀರಿಗೆ ಇಳಿಯುತ್ತೆ. ಋಣ ತುದಿಯಲ್ಲಿ ಹೈಡ್ರೋಜನ್ ಹೋದ ಮೇಲೆ ಉಳಿದ ಹೈಡ್ರಾಕ್ಸೈಡ್ ಜೊತೆ ಆ ಕಬ್ಬಿಣ ಸೇರಿ ಮೊದಲು ಹಸಿರು ಗಸಿ, ಗಾಳಿ ತಾಗಿದ ಮೇಲೆ ಕಂದು ಗಸಿ ಆಗುತ್ತೆ. ಅಂದ್ರೆ ತುಕ್ಕು. ಅಲ್ಯುಮಿನಿಯಂ ಇದ್ದ ಕಡೆ ಬಿಳಿ ಮೋಡದ ಥರ ತೇಲುತ್ತೆ. ಅದು ನಿಮ್ಮ ನೀರಿನಿಂದ ಬಂದಿದ್ದಲ್ಲ, ಅವರ ಸಲಾಕೆಯಿಂದ ಬಂದಿದ್ದು.

ಇದನ್ನ ಟ್ಯೂಬೇ ಹೇಳುತ್ತೆ. ಶಾಲೆಯ ಪ್ರಯೋಗದಲ್ಲಿ ಎರಡೂ ಟ್ಯೂಬಿನಲ್ಲಿ ಅನಿಲ ಸೇರುತ್ತೆ ಅಲ್ವಾ? ಇವರ ಸಲಾಕೆಗಳ ಮೇಲೂ ಹಾಗೇ ಟ್ಯೂಬ್ ಬೋರಲು ಹಾಕಿದ್ರೆ ಒಂದರಲ್ಲಿ ಹೈಡ್ರೋಜನ್ ಭರ್ತಿ ಆಗುತ್ತೆ, ಕಬ್ಬಿಣದ ಧನ ತುದಿಯ ಮೇಲಿನ ಟ್ಯೂಬು ಹೆಚ್ಚುಕಮ್ಮಿ ನೀರು ತುಂಬಿಕೊಂಡೇ ಇರುತ್ತೆ. ಬರಬೇಕಿದ್ದ ಆಕ್ಸಿಜನ್ ಬಂದೇ ಇಲ್ಲ. ಅದರ ಬದಲಿಗೆ ಬಂದಿದ್ದು ಕೆಳಗೆ ಕೂತಿರೋ ಕಂದು ಗಸಿ. ಟ್ಯೂಬ್ ಇಲ್ಲದಿದ್ರೂ ಗುಳ್ಳೆ ಯಾವ ಸಲಾಕೆಯಲ್ಲಿ ಏಳ್ತಾ ಇದೆ, ಬಣ್ಣ ಯಾವುದರ ಸುತ್ತ ಹುಟ್ತಾ ಇದೆ ಅಂತ ಕಣ್ಣಿಟ್ಟು ನೋಡಿ.

ಎಷ್ಟು ಕಬ್ಬಿಣ ಅಂತ ಲೆಕ್ಕ ಹಾಕೋಣ. ಒಂದು ಆಂಪಿಯರ್ ವಿದ್ಯುತ್ ಒಂದು ನಿಮಿಷ ಹರಿದ್ರೆ ಸುಮಾರು 17 ಮಿಲಿಗ್ರಾಂ ಕಬ್ಬಿಣ ಕರಗುತ್ತೆ. 200 ಮಿಲಿಲೀಟರಿನ ಗ್ಲಾಸಿನಲ್ಲಿ ಅದು ಲೀಟರಿಗೆ 85 ಮಿಲಿಗ್ರಾಂ ಆಯ್ತು. ಕುಡಿಯುವ ನೀರಿಗೆ ಭಾರತೀಯ ಮಾನಕದ ಮಿತಿ ಲೀಟರಿಗೆ 1 ಮಿಲಿಗ್ರಾಂ. ನಿಮ್ಮ ನಲ್ಲಿ ನೀರಲ್ಲಿ ಅಷ್ಟು ಕಬ್ಬಿಣ ಮೊದಲೇ ಇದ್ದಿದ್ರೆ ಪ್ಲಗ್ ಹಾಕೋ ಅಗತ್ಯವೇ ಇರಲಿಲ್ಲ, ಬಕೆಟ್ಟೇ ಕೆಂಪಾಗ್ತಿತ್ತು. ತಮಾಷೆ ಅಂದ್ರೆ ಹೀಗೆ ಲೋಹ ಕರಗಿಸಿ ಗಸಿ ಎಬ್ಬಿಸೋದನ್ನ ಕಾರ್ಖಾನೆಗಳ ಕೊಳಕು ನೀರನ್ನ ಶುದ್ಧ ಮಾಡೋಕೆ ಬಳಸ್ತಾರೆ.

ಹಾಗಾದ್ರೆ ಆರ್‌ಒ ನೀರು ಯಾಕೆ ತಿಳಿಯಾಗೇ ಉಳೀತು? ವಿದ್ಯುತ್ ಹರಿಯೋಕೆ ನೀರಲ್ಲಿ ಲವಣ ಕರಗಿರಬೇಕು. ಆರ್‌ಒ ಅದನ್ನೇ ತೆಗೆದುಹಾಕಿರುತ್ತೆ, ಹಾಗಾಗಿ ಕರೆಂಟ್ ಸರಿಯಾಗಿ ಹರಿಯಲ್ಲ, ಕಬ್ಬಿಣ ಕರಗಲ್ಲ. ಆ ತಿಳಿ ಗ್ಲಾಸಿಗೆ ಒಂದು ಚಿಟಿಕೆ ಅಡುಗೆ ಉಪ್ಪು ಹಾಕಿದ್ರೆ ಅದೂ ಕಂದಾಗುತ್ತೆ. ನೀವು ಮಾಡಿಸಲೂಬೇಕಿಲ್ಲ, "ಅಣ್ಣಾ, ಇದಕ್ಕೊಂದು ಚಿಟಿಕೆ ಉಪ್ಪು ಹಾಕಿ ತೋರಿಸ್ತೀರಾ" ಅಂತ ಕೇಳಿದ್ರೆ ಸಾಕು. ಪ್ಲಗ್ ಹಾಕಿರುವಾಗ ಗ್ಲಾಸನ್ನಾಗಲಿ ಸಲಾಕೆಯನ್ನಾಗಲಿ ಮುಟ್ಟಬೇಡಿ, ಅದು ಮನೆಯ ಲೈನಿಗೆ ಸೇರಿದ್ದು.

ಮಕ್ಕಳಿರೋ ಮನೆಯವರು ಇದನ್ನ ಗಮನಿಸಿ. ಇದೇ ಉಪ್ಪನ್ನ ಹಾಕಿ ಮನೇಲಿ 'ಹೈಡ್ರೋಜನ್ ಮಾಡೋದು ಹೇಗೆ' ಅನ್ನೋ ವಿಡಿಯೋಗಳು ಬೇಕಾದಷ್ಟಿವೆ. ಕಾರ್ಬನ್ ಕಡ್ಡಿ ಜೊತೆ ಉಪ್ಪುನೀರು ಸೇರಿದ್ರೆ ಧನ ತುದಿಯಲ್ಲಿ ಕ್ಲೋರಿನ್ ಬರುತ್ತೆ, ಅದು ವಿಷದ ಅನಿಲ. ಕಿಟಕಿ ಮುಚ್ಚಿ ಎಸಿ ಹಾಕಿದ ರೂಮಲ್ಲಂತೂ ಬೇಡವೇ ಬೇಡ. ಉಪ್ಪಿನ ಬದಲು ಅಡುಗೆ ಸೋಡಾ ಹಾಕಿ, ಸಣ್ಣ ಬ್ಯಾಟರಿಯಲ್ಲೇ ಮಾಡಿ, ಎದುರಿಗೆ ದೊಡ್ಡವರು ಇರಲಿ. ಸೇರಿದ ಅನಿಲಕ್ಕೆ ಬೆಂಕಿ ತೋರಿಸೋ ಭಾಗ ಶಾಲೆಯ ಮೇಷ್ಟ್ರಿಗೆ ಬಿಡಿ.

ಹಂಗಂತ ನಿಮ್ಮ ನಲ್ಲಿ ನೀರು ಚೆನ್ನಾಗಿದೆ ಅಂತ ನಾನು ಹೇಳ್ತಾ ಇಲ್ಲ. ಆ ಕಂದು ಬಣ್ಣ ನೀರಿನ ಒಳ್ಳೆಯದನ್ನೂ ಹೇಳಲ್ಲ, ಕೆಟ್ಟದ್ದನ್ನೂ ಹೇಳಲ್ಲ. ಇಲ್ಲಿನ ಅಪಾರ್ಟ್‌ಮೆಂಟುಗಳಲ್ಲಿ ಒಂದೇ ಸಂಪಿಗೆ ಬೋರ್‌ವೆಲ್ ನೀರು, ಬೇಸಿಗೆಯಲ್ಲಿ ಟ್ಯಾಂಕರ್ ನೀರು, ಜಲಮಂಡಳಿಯ ನೀರು ಮೂರೂ ಬೀಳೋದುಂಟು. (ಹೈದರಾಬಾದಿಗೆ ನೀರು ಕೊಡೋ ಮಂಜೀರಾ ನದಿ ನಮ್ಮ ಬೀದರ್ ಜಿಲ್ಲೆಯನ್ನ ಹಾಯ್ದೇ ಇಲ್ಲಿಗೆ ಬರೋದು, ಬೀದರಿನವರು ಇದನ್ನ ಹೆಮ್ಮೆಯಿಂದ ಹೇಳ್ಕೋಬಹುದು.) ಬೋರ್ ನೀರು ಗಡಸಾಗಿರಬಹುದು, ಫ್ಲೋರೈಡ್ ಇರಬಹುದು. ತೆಲಂಗಾಣದ ನಲ್ಗೊಂಡ ಜಿಲ್ಲೆಯ ಫ್ಲೋರೈಡ್ ಕಥೆ ದೇಶಕ್ಕೇ ಗೊತ್ತು, ಫ್ಲೋರೈಡ್ ತೆಗೆಯೋ ಒಂದು ವಿಧಾನಕ್ಕೆ ಆ ಊರಿನ ಹೆಸರೇ ಇದೆ.

ಕೆಲವರು ಸಲಾಕೆ ಬಿಟ್ಟು ಪೆನ್ನಿನಂಥ ಟಿಡಿಎಸ್ ಮೀಟರ್ ತರ್ತಾರೆ. ಅದು ಸುಳ್ಳು ಹೇಳಲ್ಲ, ಆದ್ರೆ ಅರ್ಧ ಮಾತ್ರ ಹೇಳುತ್ತೆ. ನೀರಲ್ಲಿ ಕರೆಂಟ್ ಎಷ್ಟು ಸುಲಭವಾಗಿ ಹರಿಯುತ್ತೆ ಅಂತ ಅಳೆದು ಒಟ್ಟು ಲವಣ ಇಷ್ಟಿರಬಹುದು ಅಂತ ಅಂದಾಜು ಕೊಡುತ್ತೆ. ಒಳಗಿರೋದು ಕ್ಯಾಲ್ಸಿಯಮ್ಮೋ ನೈಟ್ರೇಟೋ ಅದಕ್ಕೆ ತಿಳಿಯಲ್ಲ, ಬ್ಯಾಕ್ಟೀರಿಯಾ ಅಂತೂ ಕಾಣೋದೇ ಇಲ್ಲ. ಐಎಸ್ 10500 ಪ್ರಕಾರ ಟಿಡಿಎಸ್ ಲೀಟರಿಗೆ 500 ಮಿಲಿಗ್ರಾಂ ತನಕ ಸರಿ, ಬೇರೆ ನೀರೇ ಇಲ್ಲದಿದ್ರೆ 2000 ತನಕ. 500ಕ್ಕಿಂತ ಕಮ್ಮಿ ಇರೋ ಕಡೆ ಆರ್‌ಒ ನಿಷೇಧಿಸಬೇಕು ಅಂತ 2019ರಲ್ಲಿ ರಾಷ್ಟ್ರೀಯ ಹಸಿರು ನ್ಯಾಯಮಂಡಳಿ ಹೇಳಿತ್ತು, ಯಾಕಂದ್ರೆ ಆರ್‌ಒ ಯಂತ್ರ ಒಂದು ಪಾಲು ನೀರು ಕೊಡೋಕೆ ಬಹಳಷ್ಟು ನೀರನ್ನ ಸಿಂಕಿಗೆ ಬಿಡುತ್ತೆ. ಟ್ಯಾಂಕರಿಗೆ ದುಡ್ಡು ಕೊಟ್ಟು ತರಿಸಿದ ನೀರು ಅದು.

ಹಾಗಾಗಿ ಯಂತ್ರ ಕೊಳ್ಳೋ ಮುಂಚೆ ಒಂದು ಮಾನ್ಯತೆ ಇರೋ ಲ್ಯಾಬಿಗೆ ನೀರು ಕೊಡಿ. ಟಿಡಿಎಸ್, ಗಡಸುತನ, ಫ್ಲೋರೈಡ್, ನೈಟ್ರೇಟ್, ಕಬ್ಬಿಣ, ಕೋಲಿಫಾರ್ಮ್ ಇಷ್ಟನ್ನ ಹೆಸರು ಹೇಳಿ ಕೇಳಿ. ಇಡೀ ಅಪಾರ್ಟ್‌ಮೆಂಟಿಗೆ ಒಂದೇ ಸಂಪ್ ಇದ್ರೆ ಅಸೋಸಿಯೇಷನ್ ಕಡೆಯಿಂದ ಮಾಡಿಸಿದ್ರೆ ಖರ್ಚು ಹಂಚಿಕೆಯಾಗುತ್ತೆ. ನೀರು ಮಾತ್ರ ಅಡುಗೆಮನೆ ನಲ್ಲಿಯಿಂದಲೇ ಹಿಡೀರಿ, ಟ್ಯಾಂಕರ್ ಬರೋ ದಿನಗಳಲ್ಲಿ ಇನ್ನೊಂದು ಸಲ ಹಿಡೀರಿ. ಕೋಲಿಫಾರ್ಮ್ ಪರೀಕ್ಷೆಗೆ ಮನೆಯ ಬಾಟಲಿ ನಡೆಯಲ್ಲ, ಲ್ಯಾಬಿನವರು ಕೊಡೋ ಸ್ಟೆರೈಲ್ ಬಾಟಲಿ ತಗೊಂಡು, ಐಸ್ ಜೊತೆ ಇಟ್ಟು, ಅದೇ ದಿನ ಮುಟ್ಟಿಸಬೇಕು.