ಶಿಕಾರಿ ಮಾಂಸ: ಕೊಬ್ಬಿಲ್ಲ ನಿಜ, ಕಿಡ್ನಿಗೆ ಭಾರ!

"ಕಾಡಿನದು ಮಾರಾಯ, ಕೊಬ್ಬೇ ಇಲ್ಲ, ಕಿಡ್ನಿಗೆ ಏನೂ ಆಗಲ್ಲ, ತಿನ್ನು!" ಮಲೆನಾಡಿನಲ್ಲಿ ಕಿಡ್ನಿ ರೋಗಿಗೆ ನೆಂಟರ ಉಪಚಾರವಿದು.

ಕೊಬ್ಬು ಕಮ್ಮಿ ಎಂಬುದು ನಿಜ. ಆದರೆ ಸೋತ ಕಿಡ್ನಿಗೆ ಹೊರೆಯಾಗುವುದು ಪ್ರೋಟೀನು, ರಂಜಕ, ಉಪ್ಪು. ಡಯಾಲಿಸಿಸ್ ಹಂತ ಮುಟ್ಟದ 60 ಕಿಲೋ ತೂಕದ ರೋಗಿಗೆ ವೈದ್ಯರು ಸಾಮಾನ್ಯವಾಗಿ ಹೇಳುವುದು ದಿನಕ್ಕೆ 36ರಿಂದ 48 ಗ್ರಾಂ ಪ್ರೋಟೀನು. ಬೇಯಿಸಿದ 100 ಗ್ರಾಂ ಮಾಂಸದಲ್ಲೇ ಸುಮಾರು 25 ಗ್ರಾಂ ಮುಗೀತು. ಅನ್ನ, ಬೇಳೆ, ಹಾಲಿನ ಲೆಕ್ಕ ಬೇರೆ.

ಉಪ್ಪು ಸವರಿ ಒಲೆ ಮೇಲೆ ಒಣಗಿಸಿದ ತುಂಡಂತೂ ಇನ್ನೂ ಕೇಡು. ಬಿ.ಪಿ. ಏರುತ್ತೆ, ಕಾಲು ಊದುತ್ತೆ. ಡಯಾಲಿಸಿಸ್ ಮಾಡಿಸಿಕೊಳ್ಳುವವರಿಗೆ ಪ್ರೋಟೀನು ಹೆಚ್ಚು ಬೇಕು, ಹೌದು. ಅದಕ್ಕೆ ಮೊಟ್ಟೆಯ ಬಿಳಿ, ಕೋಳಿ ಇದೆ.

ಮೇಲಾಗಿ ಕಾಡುಹಂದಿ, ಕಡವೆ ಬೇಟೆ 1972ರ ವನ್ಯಜೀವಿ ಕಾಯ್ದೆಯಡಿ ಅಪರಾಧ. ನೆಂಟರಿಗೆ ಬೇಜಾರಾದರೂ ಸೈ, "ಬೇಡಪ್ಪಾ" ಅಂದವನೇ ಜಾಣ.