ಮನೋವ್ಯಾಧಿಯೂ ಮಾತಿನ ಮದ್ದೂ

ಜ್ವರ ಬಂದರೆ ವೈದ್ಯರಲ್ಲಿಗೆ ಓಡುವ ನಾವು, ಮನಸ್ಸು ಕೆಟ್ಟರೆ ಬಾಗಿಲು ಮುಚ್ಚಿಕೊಳ್ಳುತ್ತೇವೆ. ಹೆಣ್ಣುಮಕ್ಕಳ ಮದುವೆಗೆ ಅಡ್ಡಿಯಾದೀತೆಂದು ರೋಗಿಯನ್ನು ಒಳಕೋಣೆಯಲ್ಲಿರಿಸುವ ಮನೆಗಳು ಬಸವನಗುಡಿ, ಮಲ್ಲೇಶ್ವರಗಳಲ್ಲಿಯೂ ಇಲ್ಲದಿಲ್ಲ. ಮನಸ್ಸಿನ ವಿಚಾರವನ್ನು ಕನ್ನಡದಲ್ಲಿಯೇ ಜನರಿಗೆ ತಿಳಿಸಿಕೊಟ್ಟ ಬೆಂಗಳೂರಿನ ಡಾಕ್ಟರ್ ಎಂ. ಶಿವರಾಂ ಅವರನ್ನು ಇಲ್ಲಿ ಸ್ಮರಿಸುವುದು ಉಚಿತ.

‘ರಾಶಿ’ ಎಂಬ ಹೆಸರಿನಿಂದ ಅವರು ಕನ್ನಡಿಗರನ್ನು ನಗಿಸಿದುದು ಸರ್ವವಿದಿತ. 1942ರಲ್ಲಿ ಅವರು ಆರಂಭಿಸಿದ ‘ಕೊರವಂಜಿ’ ಮಾಸಪತ್ರಿಕೆಯು 1967ರವರೆಗೆ ನಡೆಯಿತು. ವೃತ್ತಿಯಿಂದ ವೈದ್ಯರಾಗಿದ್ದ ಅವರ ‘ಮನಮಂಥನ’ ಗ್ರಂಥಕ್ಕೆ 1976ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿಯು ದೊರೆಯಿತು.

ಮನಸ್ಸಿನ ಚಿಕಿತ್ಸೆಯ ಕ್ರಮವನ್ನು ಗೃಹಸ್ಥರು ತಿಳಿದಿರತಕ್ಕದ್ದು. ವೈದ್ಯಪದವಿಯ ಮೇಲೆ ಈ ಶಾಸ್ತ್ರವನ್ನು ಓದಿದ ಮನೋವೈದ್ಯರು ಔಷಧವನ್ನೂ ಕೊಡಬಲ್ಲರು. ಮನಶ್ಶಾಸ್ತ್ರಜ್ಞರು ಮಾತಿನಿಂದಲೇ ಉಪಚರಿಸುವರು. ಮಾತಿನ ಚಿಕಿತ್ಸೆಯೆಂದರೆ ಬುದ್ಧಿವಾದವಲ್ಲ. ಚಿಕಿತ್ಸಕರು ಮೊದಲು ಕೇಳುವರು, ಕೇಳಿದುದನ್ನು ಗುಟ್ಟಾಗಿಡುವರು, ರೋಗಿಯು ತನ್ನ ಭಯದ ಮೂಲವನ್ನು ತಾನೇ ಕಂಡುಕೊಳ್ಳುವಂತೆ ಪ್ರಶ್ನಿಸುವರು. ಫಲವು ಒಂದೇ ದಿನದಲ್ಲಿ ಕಾಣಿಸದು. ಅನೇಕ ವಾರಗಳ ತಾಳ್ಮೆ ಬೇಕು. “ಧೈರ್ಯ ತಂದುಕೋ” ಎಂದು ನಾವು ಗದರಿಸುವುದು, ಕಾಲು ಮುರಿದವನಿಗೆ “ನಡೆ” ಎಂದಂತೆ.

ಹೊಸೂರು ರಸ್ತೆಯ ಮಾನಸಿಕ ಆಸ್ಪತ್ರೆಯೂ, 1954ರಲ್ಲಿ ಏರ್ಪಟ್ಟ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆಯೂ ಸೇರಿ 1974ರಲ್ಲಿ ನಿಮ್ಹಾನ್ಸ್ ಆಯಿತು. 2022ರಿಂದ ಸರಕಾರದ ಟೆಲಿ ಮಾನಸ್ ದೂರವಾಣಿಯೂ ಉಂಟು. 14416ಕ್ಕೆ ಹಗಲಿರುಳೂ ಖರ್ಚಿಲ್ಲದೆ ಕನ್ನಡದಲ್ಲಿ ಮಾತನಾಡಬಹುದು. ಮನೆಯಲ್ಲಿ ಯಾರಾದರೂ ಊಟ, ನಿದ್ರೆ ಬಿಟ್ಟು ಮಂಕಾಗಿ ಕುಳಿತರೆ, ನೆರೆಯವರೇನೆಂದಾರೋ ಎಂದು ಕಾಯದೆ ಸಹಾಯ ಕೋರುವುದೇ ಹಿರಿಯರ ಧರ್ಮ.