ಮಕ್ಕಳ ಪಾದವನ್ನೂ ಮುಟ್ಟಿ ನೋಡಿ

ಅಜ್ಜನಿಗೆ ಅಂಗಾಲು ಉರಿಯುತ್ತದೆ, ಅಜ್ಜಿಗೆ ಕಾಲು ಜೋಮು ಹಿಡಿಯುತ್ತದೆ, ಮುಳ್ಳು ನೆಟ್ಟದ್ದೇ ಗೊತ್ತಾಗಲಿಲ್ಲ. ಸಕ್ಕರೆ ಕಾಯಿಲೆಯ ಹಿರಿಯರಿರುವ ಮನೆಗಳಲ್ಲಿ ಇವು ದಿನನಿತ್ಯದ ಮಾತುಗಳು. ಶುಗರ್ ನರಕ್ಕೆ ಇಳಿಯುತ್ತದೆ ಎಂಬುದು ಈಗ ಊರಿಗೆಲ್ಲ ಗೊತ್ತು. ಆದರೆ ಏಳನೇ ತರಗತಿಯ ಹುಡುಗಿಗೂ ಅದೇ ನರ ಹಾಗೆಯೇ ಕೆಡಬಹುದು ಎಂದರೆ ನಂಬುವವರು ಕಡಿಮೆ. ನಂಬದ ಕಾರಣಕ್ಕೆ ಆ ಮಗುವಿನ ಪಾದವನ್ನು ಯಾರೂ ನೋಡುವುದಿಲ್ಲ.

ಗಡಿ ಸೀಮೆಯ ಒಂದು ಊರನ್ನೇ ನೋಡಿ. ತೆಲಂಗಾಣದ ಸಂಗಾರೆಡ್ಡಿ ಜಿಲ್ಲೆಯ ಝರಾಸಂಗಂ ಕೇತಕಿ ಸಂಗಮೇಶ್ವರನ ಊರು. ಬೀದರ್ ಕಡೆಯ ಭಕ್ತರು ಇಲ್ಲಿ ಗುಂಡದಲ್ಲಿ ಮಿಂದು, ಒದ್ದೆ ಬಟ್ಟೆಯಲ್ಲಿ, ಬರಿಗಾಲಲ್ಲಿ ದರ್ಶನಕ್ಕೆ ನಿಲ್ಲುತ್ತಾರೆ. 1956ರ ರಾಜ್ಯ ಪುನರ್ವಿಂಗಡಣೆಯಲ್ಲಿ ಬೀದರ್ ಜಿಲ್ಲೆಯ ಜಹೀರಾಬಾದ್, ನಾರಾಯಣಖೇಡ ಮತ್ತು ಕಲಬುರಗಿ ಜಿಲ್ಲೆಯ ತಾಂಡೂರು ಅಂದಿನ ಆಂಧ್ರಪ್ರದೇಶಕ್ಕೆ ಹೋದವು. ಕನ್ನಡದ ಮನೆಗಳು ಇದ್ದಲ್ಲೇ ಉಳಿದವು. ಇಲ್ಲಿಯವರ ಆಸ್ಪತ್ರೆಯ ದಾರಿಯೂ ಅಂದಿನಿಂದ ಕವಲೊಡೆದಿದೆ. ಬೀದರ್ ಹತ್ತಿರ, ಆದರೆ ಬೇರೆ ರಾಜ್ಯ. ಹೈದರಾಬಾದ್ ತಮ್ಮದೇ ರಾಜಧಾನಿ, ಆದರೆ ನೂರು ಕಿಲೋಮೀಟರ್ ಆಚೆ. ಜ್ವರ, ಕೆಮ್ಮಿಗೆ ಇದು ದೊಡ್ಡ ತೊಡಕಲ್ಲ. ಜೀವನವಿಡೀ ಇನ್ಸುಲಿನ್ ಬೇಕಾದ ಮಗುವಿಗೆ ತೊಡಕೇ. ಒಂದು ವರ್ಷದ ಚೀಟಿ ಅಲ್ಲಿ, ಮರುವರ್ಷದ್ದು ಇಲ್ಲಿ ಉಳಿದರೆ, ನರದ ಸ್ಥಿತಿ ಹೋದ ವರ್ಷಕ್ಕಿಂತ ಹೇಗಿದೆ ಎಂದು ಹೋಲಿಸುವವರೇ ಇರುವುದಿಲ್ಲ.

ಮಕ್ಕಳಿಗೆ ಬರುವುದು ಹೆಚ್ಚಾಗಿ ಟೈಪ್ 1. ದೇಹದ ರಕ್ಷಣಾ ವ್ಯವಸ್ಥೆಯೇ ಮೇದೋಜೀರಕ ಗ್ರಂಥಿಯ ಇನ್ಸುಲಿನ್ ತಯಾರಿಸುವ ಕೋಶಗಳನ್ನು ನಾಶ ಮಾಡುತ್ತದೆ. ಮಗು ಸಿಹಿ ತಿಂದದ್ದಕ್ಕೆ ಬಂತು ಎಂದು ತಾಯಿಯನ್ನು ದೂರುವುದು ತಪ್ಪು, ಅನ್ಯಾಯ ಕೂಡ. ಅಂತಾರಾಷ್ಟ್ರೀಯ ಮಧುಮೇಹ ಒಕ್ಕೂಟ 2021ರಲ್ಲಿ ಮಾಡಿದ ಅಂದಾಜಿನಂತೆ ಭಾರತದಲ್ಲಿ 20 ವರ್ಷದೊಳಗಿನ ಸುಮಾರು 2.29 ಲಕ್ಷ ಮಂದಿಗೆ ಟೈಪ್ 1 ಇದೆ. ಕರ್ನಾಟಕದಲ್ಲಿ 1995ರಿಂದ ನಡೆದ ನೋಂದಣಿ ಅಧ್ಯಯನದಲ್ಲಿ ವರ್ಷಕ್ಕೆ ಲಕ್ಷ ಹುಡುಗರಲ್ಲಿ 3.7, ಲಕ್ಷ ಹುಡುಗಿಯರಲ್ಲಿ 4 ಹೊಸ ಪ್ರಕರಣಗಳು ಕಂಡುಬಂದವು. ಲೆಕ್ಕ ಸಣ್ಣದು. ಒಂದು ಮಂಡಲದಲ್ಲಿ ಬೆರಳೆಣಿಕೆಯ ಮಕ್ಕಳಿದ್ದಾರು. ವ್ಯವಸ್ಥೆಯ ಕಣ್ಣಿಗೆ ಅವರು ಬೀಳದಿರುವುದಕ್ಕೆ ಈ ಸಣ್ಣ ಲೆಕ್ಕವೂ ಒಂದು ಕಾರಣ.

ನರ ಕೆಡುವ ಬಗೆ ಹೀಗೆ. ರಕ್ತದಲ್ಲಿ ಸಕ್ಕರೆ ವರ್ಷಗಟ್ಟಲೆ ಏರಿಯೇ ಇದ್ದರೆ ನರದ ಕೋಶಗಳೊಳಗೆ ಸಾರ್ಬಿಟಾಲ್‌ನಂಥ ವಸ್ತುಗಳು ಶೇಖರವಾಗುತ್ತವೆ. ನರಕ್ಕೆ ರಕ್ತ ಒಯ್ಯುವ ಕೂದಲೆಳೆಯಂಥ ನಾಳಗಳು ದಪ್ಪಗಾಗಿ ಆಮ್ಲಜನಕ ಸಾಲದಾಗುತ್ತದೆ. ಸೊಂಟದಿಂದ ಕಾಲ್ಬೆರಳ ತುದಿಯವರೆಗೆ ಓಡುವ ಉದ್ದದ ನರಗಳಿಗೆ ಮೊದಲ ಪೆಟ್ಟು. ಆದ್ದರಿಂದಲೇ ಜೋಮು ಎರಡೂ ಪಾದಗಳಲ್ಲಿ ಒಟ್ಟಿಗೆ ಶುರುವಾಗಿ ಮೇಲಕ್ಕೆ ಏರುತ್ತದೆ. ಹರೆಯದಲ್ಲಿ ಅಪಾಯ ಹೆಚ್ಚು. ಆ ವಯಸ್ಸಿನ ಹಾರ್ಮೋನುಗಳು ಇನ್ಸುಲಿನ್‌ನ ಕೆಲಸವನ್ನು ತಡೆಯುತ್ತವೆ, ನಿನ್ನೆಯವರೆಗೆ ಸಾಕಾಗುತ್ತಿದ್ದ ಪ್ರಮಾಣ ಇಂದು ಸಾಲುವುದಿಲ್ಲ. ಗೆಳೆಯರ ಮುಂದೆ ಸೂಜಿ ಚುಚ್ಚಿಕೊಳ್ಳಲು ನಾಚಿ ಮಧ್ಯಾಹ್ನದ ಡೋಸ್ ಬಿಡುವುದೂ ಇದೇ ವಯಸ್ಸಿನಲ್ಲಿ. ಒಳಾಂಗಗಳ ನರಗಳಿಗೆ ಪೆಟ್ಟು ಬಿದ್ದರೆ ಎದ್ದು ನಿಂತಾಗ ತಲೆ ಸುತ್ತಬಹುದು, ಸಕ್ಕರೆ ತೀರಾ ಇಳಿದಾಗ ಬರಬೇಕಾದ ನಡುಕ, ಎದೆಬಡಿತದ ಮುನ್ಸೂಚನೆಯೂ ಮಂಕಾಗಬಹುದು.

ಮಗು ಇದನ್ನು ಹೇಳುವುದಿಲ್ಲ. ಆರಂಭದಲ್ಲಿ ಹೇಳುವಂಥ ನೋವೇ ಇರುವುದಿಲ್ಲ. ಇದ್ದರೂ ಎಲ್ಲರ ಕಾಲೂ ಹೀಗೇ ಎಂದುಕೊಂಡಿರುತ್ತದೆ. ಅಮೆರಿಕದ ಸರ್ಚ್ ಅಧ್ಯಯನ 2017ರಲ್ಲಿ ಪ್ರಕಟಿಸಿದ ವರದಿಯಂತೆ, ಚಿಕ್ಕಂದಿನಲ್ಲೇ ಟೈಪ್ 1 ಬಂದ ಯುವಜನರಲ್ಲಿ ಶೇ 7ರಷ್ಟು ಮಂದಿಗೆ ಪಾದದ ನರಹಾನಿ ಇತ್ತು. ಚಿಕ್ಕಂದಿನಲ್ಲೇ ಟೈಪ್ 2 ಬಂದವರಲ್ಲಿ ಅದು ಶೇ 22. ದಪ್ಪಗಾಗುತ್ತಿರುವ ನಮ್ಮ ಪಟ್ಟಣದ ಮಕ್ಕಳ ಮನೆಯವರು ಈ ಎರಡನೆಯ ಅಂಕಿಯನ್ನು ನೆನಪಿಡಬೇಕು.

ತಡೆಯುವ ದಾರಿ ಗೊತ್ತಿಲ್ಲದ್ದೇನಲ್ಲ. 1441 ಜನರ ಮೇಲೆ ನಡೆದು 1993ರಲ್ಲಿ ಪ್ರಕಟವಾದ ಡಿಸಿಸಿಟಿ ಅಧ್ಯಯನದಲ್ಲಿ 13 ವರ್ಷದಿಂದ ಮೇಲ್ಪಟ್ಟವರಿದ್ದರು. ಸಕ್ಕರೆಯನ್ನು ಬಿಗಿಯಾಗಿ ಹಿಡಿತದಲ್ಲಿಟ್ಟವರಲ್ಲಿ ನರಹಾನಿ ಸುಮಾರು ಶೇ 60ರಷ್ಟು ಕಡಿಮೆಯಾಯಿತು. ಆ ಹಿಡಿತಕ್ಕೆ ಬೇಕಾದದ್ದು ತಪ್ಪದ ಇನ್ಸುಲಿನ್, ದಿನಕ್ಕೆ ಹಲವು ಬಾರಿ ರಕ್ತ ಪರೀಕ್ಷೆಯ ಪಟ್ಟಿ, ಮೂರು ತಿಂಗಳಿಗೊಮ್ಮೆ ಎಚ್‌ಬಿಎ1ಸಿ ಎಂಬ ಸರಾಸರಿ ಸಕ್ಕರೆಯ ಪರೀಕ್ಷೆ. ಕೂಲಿ ಮಾಡುವ ಮನೆಗೆ ಈ ಪಟ್ಟಿಗಳ ಖರ್ಚೇ ದೊಡ್ಡ ಹೊರೆ. ಬೇಸಿಗೆಯಲ್ಲಿ 40 ಡಿಗ್ರಿ ದಾಟುವ ಈ ಸೀಮೆಯಲ್ಲಿ ಫ್ರಿಜ್ ಇಲ್ಲದವರು ಇನ್ಸುಲಿನ್ ಸೀಸೆಯನ್ನು ಮಣ್ಣಿನ ಮಡಕೆಯೊಳಗೆ ತಂಪಾಗಿ ಇಟ್ಟುಕೊಳ್ಳಬಹುದು. ಸುತ್ತ ಒದ್ದೆ ಮರಳಿರಲಿ, ಸೀಸೆ ಮಾತ್ರ ನೀರಿಗೆ ತಾಗಬಾರದು.

ಇಲ್ಲೊಂದು ಎಚ್ಚರ. ಬಹುಕಾಲ ಏರಿದ್ದ ಸಕ್ಕರೆ ಚಿಕಿತ್ಸೆಯಿಂದ ಬಹಳ ಬೇಗ ಇಳಿದರೆ ಕೆಲವರಿಗೆ ಪಾದ ವಿಪರೀತ ಉರಿಯತೊಡಗುತ್ತದೆ. ಸಾಮಾನ್ಯವಾಗಿ ಕೆಲವು ತಿಂಗಳಲ್ಲಿ ಅದು ತಗ್ಗುತ್ತದೆ. ಇನ್ಸುಲಿನ್ನೇ ಕಾಲು ಕೆಡಿಸಿತು ಎಂದು ಹೆದರಿ ನಿಲ್ಲಿಸಿದರೆ ಟೈಪ್ 1 ಮಗುವಿನ ಜೀವಕ್ಕೇ ಅಪಾಯ. ನಾಟಿ ಔಷಧ ನಂಬಿ ನಿಲ್ಲಿಸಿದರೂ ಅಷ್ಟೇ. ಜಹೀರಾಬಾದ್ ಬಳಿಯ ಪಸ್ತಾಪುರದ ಡೆಕ್ಕನ್ ಡೆವಲಪ್‌ಮೆಂಟ್ ಸೊಸೈಟಿಯ ಸಂಘದ ಮಹಿಳೆಯರು ಜೋಳ, ಸಜ್ಜೆ, ನವಣೆಗಳನ್ನು ಉಳಿಸಿ ಬೆಳೆಸಿದ ನೆಲ ಇದು. ಆ ಊಟ ಮಕ್ಕಳಿಗೆ ಒಳ್ಳೆಯದೇ. ಆದರೆ ಇನ್ಸುಲಿನ್ ಬದಲಿಗೆ ನಿಲ್ಲುವ ಧಾನ್ಯ ಯಾವುದೂ ಇಲ್ಲ.

ಸರ್ಕಾರದ ಕಾರ್ಯಕ್ರಮಗಳ ನಡುವೆ ಈ ಮಕ್ಕಳು ಜಾರಿ ಹೋಗುತ್ತಾರೆ. ಸಕ್ಕರೆ ಕಾಯಿಲೆಯ ಸಾಮೂಹಿಕ ತಪಾಸಣೆ ನಡೆಯುವುದು 30 ದಾಟಿದವರಿಗೆ. 2013ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮ 18ರವರೆಗಿನ ಮಕ್ಕಳನ್ನು ನೋಡುತ್ತದೆ, ಆದರೆ ಅದರ ಮೂಲ ಪಟ್ಟಿಯ 30 ತೊಂದರೆಗಳಲ್ಲಿ ಸಕ್ಕರೆ ಕಾಯಿಲೆ ಇರಲಿಲ್ಲ. ಕೇರಳ 2018ರಿಂದ 'ಮಿಠಾಯಿ' ಯೋಜನೆಯಲ್ಲಿ ಟೈಪ್ 1 ಮಕ್ಕಳಿಗೆ ಉಚಿತ ಇನ್ಸುಲಿನ್ ಮತ್ತು ಉಪಕರಣ ಕೊಡುತ್ತಿದೆ. ಒಂದು ರಾಜ್ಯಕ್ಕೆ ಆದದ್ದು ತೆಲಂಗಾಣಕ್ಕೂ ಕರ್ನಾಟಕಕ್ಕೂ ಆಗಬೇಕು. ಗಡಿಯ ಮಕ್ಕಳಿಗೆ ಎರಡೂ ಕಡೆಯ ಆಸ್ಪತ್ರೆಯಲ್ಲಿ ನಡೆಯುವ ಒಂದೇ ಚಿಕಿತ್ಸಾ ಪುಸ್ತಕ ಕೊಡುವುದು ಎರಡು ಆಡಳಿತಗಳು ಕೂತು ಮಾತಾಡಿದರೆ ಮುಗಿಯುವ ಕೆಲಸ.

ಪಾದದ ಪರೀಕ್ಷೆಗಂತೂ ದೊಡ್ಡ ಯಂತ್ರ ಬೇಡ. ಹತ್ತು ಗ್ರಾಂ ಒತ್ತಡಕ್ಕೆ ಬಾಗುವ ಒಂದು ನೈಲಾನ್ ಎಳೆ, ಕಂಪನ ನೋಡಲು ಒಂದು ಟ್ಯೂನಿಂಗ್ ಫೋರ್ಕ್, ಪಾದ ಮುಟ್ಟಲು ಹೇಸದ ಒಂದು ಕೈ. ತೀರಾ ಆರಂಭದ ಹಾನಿ ಇದಕ್ಕೆ ಸಿಗದೆ ಹೋಗಬಹುದು, ಅನುಮಾನವಿದ್ದರೆ ದೊಡ್ಡ ಆಸ್ಪತ್ರೆಯಲ್ಲಿ ನರಗಳ ವೇಗ ಅಳೆಯುವ ಪರೀಕ್ಷೆ ಮಾಡಿಸಬೇಕು. ಮೊದಲ ಹೆಜ್ಜೆಯನ್ನು ಪ್ರಾಥಮಿಕ ಆರೋಗ್ಯ ಕೇಂದ್ರವೇ ಇಡಬಲ್ಲದು. ಝರಾಸಂಗಂ ಮಂಡಲದ ಮಾಚನೂರಿನಲ್ಲಿ 2008ರಲ್ಲಿ ದಲಿತ ಮಹಿಳೆಯರು ಸಂಘಂ ರೇಡಿಯೊ ಕಟ್ಟಿದರು. ಅಂಥ ದನಿಗಳು ಈ ವಿಷಯವನ್ನು ಎತ್ತಿಕೊಂಡರೆ ಆಸ್ಪತ್ರೆಯ ಗೋಡೆಬರಹಕ್ಕಿಂತ ಹೆಚ್ಚು ಮನೆಗಳಿಗೆ ತಲುಪುತ್ತದೆ.

ನಿಮ್ಮ ಮನೆಯಲ್ಲೋ ಶಾಲೆಯಲ್ಲೋ ಟೈಪ್ 1 ಇರುವ ಮಗುವಿದ್ದರೆ, ವಯಸ್ಸು 11 ತುಂಬಿ ಕಾಯಿಲೆಗೆ ಎರಡರಿಂದ ಐದು ವರ್ಷವಾಗಿದ್ದರೆ, ವರ್ಷಕ್ಕೊಮ್ಮೆ ನರದ ತಪಾಸಣೆ ಆಗಲೇಬೇಕು. ಟೈಪ್ 2 ಆದರೆ ಕಾಯಿಲೆ ಗೊತ್ತಾದ ದಿನದಿಂದಲೇ. ಮುಂದಿನ ಸಲ ಆಸ್ಪತ್ರೆಗೆ ಹೋದಾಗ ವೈದ್ಯರು ಕೇಳಲಿ ಎಂದು ಕಾಯಬೇಡಿ. ಮಗುವಿನ ಚಪ್ಪಲಿ ಬಿಡಿಸಿ, ಕಾಲು ನೋಡಿ ಎಂದು ನೀವೇ ಕೇಳಿ.